ಸೆಲ್ ಇಲ್ಲದೆ ಉರಿದ ಟಾರ್ಚು

ಈ ವಿಷಯ ಹೇಳಬೇಕೆಂದು ಮೂರು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ, ಮುಂದೂಡುತ್ತಿದ್ದೇನೆ. ಯಾರೂ ನಂಬಲಾರರು ಎಂಬ ಹೆದರಿಕೆಯಿಂದಲ್ಲ. ನಡೆದದ್ದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ಕೆಲಸವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಅದಕ್ಕೇ ಇಷ್ಟು ತಡ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಮೂಡುಬಿದಿರೆಯಲ್ಲಿ ನಲವತ್ತು ವರ್ಷ ರೇಡಿಯೋ, ಟಾರ್ಚು ರಿಪೇರಿ ಮಾಡಿದವನು. ರೇಡಿಯೋ ತನ್ನಷ್ಟಕ್ಕೆ ಗೊಣಗುತ್ತದೆ ಎಂದು ಹೆದರಿ ಒಬ್ಬರು ತಂದುಕೊಟ್ಟಾಗ ಅದರೊಳಗಿನಿಂದ ಹಲ್ಲಿಯ ಮೊಟ್ಟೆ ತೆಗೆದು ತೋರಿಸಿ ನಕ್ಕವನು. ಸೆಲ್ ಇದ್ದರೆ ಬೆಳಕು, ಇಲ್ಲದಿದ್ದರೆ ಕತ್ತಲೆ. ಅದರಾಚೆ ಏನೋ ಉಂಟು ಎನ್ನುವವರನ್ನು ನಾನು ನಂಬುತ್ತಿರಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಒಂದು ವಾಟ್ಸ್‌ಆ್ಯಪ್ ಗುಂಪು ಸೇರಿದೆ. ಜೇಬಿನಲ್ಲಿ ಹಿಡಿಯುವ ಪುಟ್ಟ ಟಾರ್ಚುಗಳ ಹುಚ್ಚು ಇದ್ದವರ ಗುಂಪು ಅದು. ಯಾವುದರ ಬೆಳಕು ಎಷ್ಟು ದೂರ ಹೋಗುತ್ತದೆ, ಯಾವುದು ಬೇಗ ಬಿಸಿಯಾಗುತ್ತದೆ ಎಂಬುದೇ ದಿನವಿಡೀ ಮಾತು. ಆಗಾಗ ಭೇಟಿಯಾಗುತ್ತಿದ್ದವರು ನಾಲ್ವರು: ಬಂಟ್ವಾಳ ಪೇಟೆಯಲ್ಲಿ ಬೆಲ್ಲದ ಗೋದಾಮು ಇದ್ದ ಪೈಗಳು, ಬೆಳ್ತಂಗಡಿಯ ನಿವೃತ್ತ ಗಣಿತದ ಮಾಸ್ಟ್ರು, ನಾನು, ಮತ್ತೆ ನಾವೆಲ್ಲ ಕಾಕ ಎಂದಷ್ಟೇ ಕರೆಯುತ್ತಿದ್ದ ಫರಂಗಿಪೇಟೆಯ ಹಿರಿಯ ಬ್ಯಾರಿ. ಕಾಕ ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿದ್ದು ಊರಿಗೆ ಮರಳಿದವರು. ನೆರೆಕರೆಯವರು ವಿದೇಶಕ್ಕೆ ಹೊರಡುವಾಗ ಮನೆಯ ಕೀಯನ್ನು ಅವರ ಕೈಯಲ್ಲೇ ಕೊಟ್ಟು ಹೋಗುತ್ತಿದ್ದರು. ಹನ್ನೊಂದು ಮನೆಗಳ ಕೀಗೊಂಚಲು ಅವರ ಸೊಂಟದಲ್ಲಿತ್ತು. ಪ್ರತಿದಿನ ಮುಸ್ಸಂಜೆ ಟಾರ್ಚು ಹಿಡಿದು ಅಷ್ಟೂ ಮನೆಗಳಿಗೆ ಸುತ್ತು ಬರುತ್ತಿದ್ದರು. ಊರವರು ತನ್ನನ್ನು ನಂಬುತ್ತಾರೆ ಎಂಬುದೇ ಅವರಿಗಿದ್ದ ದೊಡ್ಡ ಹೆಮ್ಮೆ.

ನಮ್ಮ ಪರೀಕ್ಷೆಯ ಕ್ರಮ ಹೀಗಿತ್ತು. ಒಂದೇ ಬಗೆಯ ನಾಲ್ಕು ಸೆಲ್ಲುಗಳನ್ನು ಪೂರ್ತಿ ಚಾರ್ಜ್ ಮಾಡಿ, ಮಾಸ್ಟ್ರು ಅವುಗಳಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದರು. ಟಾರ್ಚುಗಳನ್ನು ಒಂದೇ ಪ್ರಮಾಣದ ಬೆಳಕಿಗೆ ಹೊಂದಿಸಿ, ಬಿಸ್ಕಿಟಿನ ರಟ್ಟಿನ ಪೆಟ್ಟಿಗೆಗಳೊಳಗೆ ಒಂದೊಂದಾಗಿ ನಿಲ್ಲಿಸುತ್ತಿದ್ದೆವು. ಅರ್ಧ ಗಂಟೆಗೊಮ್ಮೆ ಮೊಬೈಲಿನಿಂದ ಬೆಳಕನ್ನು ಅಳೆಯುವುದು. ಕೊನೆಗೆ ಆರಿದ ಟಾರ್ಚು ಗೆದ್ದಂತೆ. ಎರಡು ಸಲ ಕಾಕನ ಬಣ್ಣ ಹೋದ ಹಳೆಯ ಟಾರ್ಚೇ ಗೆದ್ದಿತು.

"ರಿಪೇರಿಯಣ್ಣ, ನಿಮ್ಮ ಟಾರ್ಚಿಗೆ ಹಸಿವು ಜಾಸ್ತಿ ಮಾರಾಯ್ರೆ, ಸ್ವಲ್ಪ ಉಪವಾಸ ಕಲಿಸಿ," ಎಂದು ಕಾಕ ನಗಾಡಿದರು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನಲವತ್ತು ವರ್ಷದ ಕಸುಬಿನವನು ನಾನು. ಇವರು ಎಲ್ಲೋ ಸೆಲ್ ಬದಲಿಸುತ್ತಿದ್ದಾರೆ ಎಂದು ಮನಸ್ಸು ಹೇಳಿತು. ಅವರ ಜಾಗದಲ್ಲಿ ಪೈಗಳೋ ಮಾಸ್ಟ್ರೋ ಇದ್ದಿದ್ದರೆ ಅಷ್ಟು ಬೇಗ ಸಂಶಯ ಬರುತ್ತಿತ್ತೇ? ಬರುತ್ತಿರಲಿಲ್ಲ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮೂರನೆಯ ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ ಪೈಗಳ ಗೋದಾಮಿನಲ್ಲಿ ನಡೆಯಿತು. ಕಿಟಕಿ ಇಲ್ಲದ ಕೋಣೆ, ಇರುವುದು ಒಂದೇ ಬಾಗಿಲು. ಮಧ್ಯಾಹ್ನ ಕಾಕ ನಮಾಜಿಗೆ ಹೋದರು. ಪೈಗಳು ಬೀಗ ಹಾಕಿ ನಮ್ಮಿಬ್ಬರನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಕನ್ನಡಕ ಬಿಟ್ಟುಬಂದೆ ಎಂದು ಸುಳ್ಳು ಹೇಳಿ, ಕೀ ಇಸಿದುಕೊಂಡು ನಾನೊಬ್ಬನೇ ಹಿಂದೆ ಬಂದೆ. ಕಾಕನ ಟಾರ್ಚಿನ ಮುಚ್ಚಳ ತಿರುಗಿಸಿ ನೋಡಿದೆ. ಒಳಗೆ ಮಾಸ್ಟ್ರು ಚೀಟಿ ಅಂಟಿಸಿ ಅವರಿಗೆ ಕೊಟ್ಟಿದ್ದ ಮೂರನೇ ನಂಬರಿನ ಸೆಲ್ಲೇ ಇತ್ತು. ಮೋಸ ಇರಲಿಲ್ಲ.

ಅಲ್ಲಿಗೆ ನನ್ನ ಸಂಶಯ ಮುಗಿಯಬೇಕಿತ್ತು. ಆದರೆ ನಾನು ಆ ಸೆಲ್ಲನ್ನು ಜೇಬಿಗೆ ಹಾಕಿಕೊಂಡು, ಬರಿದಾದ ಟಾರ್ಚಿಗೆ ಮುಚ್ಚಳ ತಿರುಗಿಸಿ ಇದ್ದಲ್ಲೇ ನಿಲ್ಲಿಸಿದೆ. ಒಂದು ಸಲವಾದರೂ ಅವರು ಸೋಲಲಿ ಎಂಬ ಆಸೆ. ಹೊರಡುವಾಗ ಆ ಪೆಟ್ಟಿಗೆಯಲ್ಲಿ ಕತ್ತಲೆ ಇತ್ತು. ಕಣ್ಣಾರೆ ನೋಡಿದ್ದೇನೆ. ಬೀಗ ಹಾಕಿ ಕೀಯನ್ನು ಪೈಗಳ ಕೈಗೆ ಕೊಟ್ಟೆ.

ಊಟ ಮುಗಿಸಿ ಬಂದಾಗ ಕಾಕ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದರು. ಪೈಗಳು ಬಾಗಿಲು ತೆರೆದರು. ನಾಲ್ಕು ಪೆಟ್ಟಿಗೆಗಳಲ್ಲೂ ಬೆಳಕಿತ್ತು. ಮಾಸ್ಟ್ರು ಅಳೆದು, "ಕಾಕನದ್ದು ಕೂದಲೆಳೆಯಷ್ಟೂ ಇಳಿಯಲಿಲ್ಲ," ಎಂದರು. ನನ್ನ ಕೈ ಜೇಬಿಗೆ ಹೋಯಿತು. ಸೆಲ್ ಅಲ್ಲೇ ಇತ್ತು. ಇವರು ಹೇಗೋ ಒಳಹೊಕ್ಕು ಬೇರೆ ಸೆಲ್ ಹಾಕಿದ್ದಾರೆ ಎಂಬುದೊಂದೇ ನನಗೆ ಹೊಳೆದದ್ದು.

"ಅದರ ಮುಚ್ಚಳ ತೆಗೆಯಿರಿ, ನೋಡುವ," ಎಂದೆ.

ಕಾಕ ಮುಚ್ಚಳ ತೆಗೆದು ಟಾರ್ಚನ್ನು ಅಂಗೈ ಮೇಲೆ ಬಗ್ಗಿಸಿದರು. ಏನೂ ಬೀಳಲಿಲ್ಲ. ಕೊಳವೆ ಖಾಲಿ. ಮುಚ್ಚಳ ಒಂದು ಕೈಯಲ್ಲಿ, ಟಾರ್ಚು ಇನ್ನೊಂದು ಕೈಯಲ್ಲಿ, ಬೆಳಕು ಮಾತ್ರ ಹಾಗೆಯೇ ಗೋಡೆಯ ಮೇಲಿತ್ತು.

"ಟಾರ್ಚಿನ ತಲೆಯೊಳಗೆ ಬೇರೆ ಸೆಲ್ ಅಡಗಿಸಿದ್ದು!" ಎಂದರು ಮಾಸ್ಟ್ರು. "ಹೋ, ಹಾಗಾದ್ರೆ ಪ್ರತೀ ಸಲ ಗೆಲ್ಲುದು ಹೀಗೆಯೋ ಕಾಕ?" ಎಂದರು ಪೈಗಳು.

"ಮಾಸ್ಟ್ರೇ, ಚೀಟಿ ಅಂಟಿಸಿದ್ದು ನೀವೇ ಅಲ್ವಾ? ನಾನು ಹಾಕಿದ್ದನ್ನು ನೋಡಿದ್ದೀರಿ. ಆ ಸೆಲ್ ಎಲ್ಲಿ ಹೋಯ್ತು?" ಎಂದು ಕೇಳುವಾಗ ಕಾಕನ ದನಿ ಸಣ್ಣದಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದರು. "ರಿಪೇರಿಯಣ್ಣ, ನಿಮಗೆ ಗೊತ್ತುಂಟು. ನೀವು ಹೇಳಿ."

"ಹೇಳುವುದು ಏನುಂಟು? ಎಲ್ಲರಿಗೂ ಕಾಣ್ತದಲ್ಲ," ಎಂದೆ.

ಅವರು ಉರಿಯುತ್ತಿದ್ದ ಟಾರ್ಚನ್ನು ನನ್ನ ಮುಂದಿಟ್ಟರು. "ಬಿಚ್ಚಿ ನೋಡಿ. ನೋಡಿದ್ದನ್ನು ಇವರಿಗೆ ಹೇಳಿ, ಅಷ್ಟು ಸಾಕು," ಎಂದು ಹೊರಟೇಹೋದರು. ನಾವು ಮೂವರೂ ಬಾಗಿಲ ಕಡೆ ನೋಡುತ್ತಿದ್ದೆವು. ಟಾರ್ಚು ಯಾವಾಗ ಆರಿತೋ ಯಾರೂ ಗಮನಿಸಲಿಲ್ಲ.

ಮನೆಗೆ ತಂದು ಅದರ ತಲೆ ಬಿಚ್ಚಿದೆ. ಒಂದು ಎಲ್‌ಇಡಿ, ಉಗುರಿನಷ್ಟು ಸರ್ಕ್ಯೂಟು, ಎರಡು ವಯರು. ಹೆಸರುಕಾಳು ಅಡಗಿಸಲೂ ಜಾಗವಿರಲಿಲ್ಲ. ಗುಂಪಿನಲ್ಲಿ ಮಾಸ್ಟ್ರು ಕೇಳಿದಾಗ, "ಹಳೆಯ ಮಾಲು, ಹೇಳುವಂಥದ್ದು ಏನಿಲ್ಲ," ಎಂದು ಬರೆದೆ. ಅವರಿಗೆ ಅಷ್ಟೇ ಸಾಕಾಯಿತು. ಕಾಕ ಆ ದಿನವೇ ಗುಂಪು ಬಿಟ್ಟರು. ಮಾಸ್ಟ್ರು ತಮಾಷೆಯಾಗಿ ಅಲ್ಲಿ ಇಲ್ಲಿ ಹೇಳಿದ್ದು ಫರಂಗಿಪೇಟೆಗೂ ಮುಟ್ಟಿತು. ತಿಂಗಳೊಳಗೆ ಎರಡು ಮನೆಯವರು ಕೀ ವಾಪಸು ಕೇಳಿದರಂತೆ. ಆಮೇಲೆ ಉಳಿದ ಕೀಗಳನ್ನೂ ಕಾಕನೇ ಮನೆಮನೆಗೆ ನಡೆದು ಹಿಂದಿರುಗಿಸಿದರಂತೆ.

ಆ ಟಾರ್ಚನ್ನು ಸೆಲ್ ಇಲ್ಲದೆ ನೂರಾರು ಸಲ ಒತ್ತಿ ನೋಡಿದ್ದೇನೆ. ಒಮ್ಮೆಯೂ ಉರಿದಿಲ್ಲ. ಸರ್ಕ್ಯೂಟಿನಲ್ಲಿ ಕರೆಂಟು ಉಳಿದಿರಬಹುದೇ? ಉಳಿದರೂ ಅದು ಒಂದು ಕ್ಷಣದ ಮಾತು. ನಾನು ತೆಗೆದದ್ದು ಬೇರೆಯವರ ಸೆಲ್ಲೇ? ಮೂರನೇ ನಂಬರಿನ ಚೀಟಿ ಇನ್ನೂ ಅದರ ಮೇಲಿದೆ. ನನಗೆ ತಿಳಿದ ವಿದ್ಯೆಯಲ್ಲಿ ಇದಕ್ಕೆ ಉತ್ತರವಿಲ್ಲ. ಗೊತ್ತಿದ್ದವರು ಇದ್ದರೆ ಹೇಳಲಿ.

ಕಳೆದ ತಿಂಗಳು ಫರಂಗಿಪೇಟೆಯಲ್ಲಿ ಬಸ್ಸಿಳಿದೆ. ಅವರ ಮನೆಯ ಓಣಿಯ ಎದುರಿನ ಹೋಟೆಲಿನಲ್ಲಿ ಚಾ ಕುಡಿದೆ, ಇನ್ನೊಂದು ಚಾ ಕುಡಿದೆ, ಮುಂದಿನ ಬಸ್ಸು ಹಿಡಿದು ಹಿಂದೆ ಬಂದೆ. ಟಾರ್ಚು ಹೇಗೆ ಉರಿಯಿತೋ ನನಗೆ ಗೊತ್ತಿಲ್ಲ. ಸೆಲ್ ತೆಗೆದವನು ಯಾರೆಂದು ಗೊತ್ತು. ಯಾರ ಬಳಿ ತಪ್ಪಾಯಿತು ಎನ್ನಬೇಕಿತ್ತೋ ಅದೂ ಗೊತ್ತು. ಅವರ ಹೆಸರು ಹಸನಬ್ಬ.