ಹಾಲಿನ ಕ್ಯಾನಿನ ಸದ್ದು

ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಅಕ್ಕನ ಪಕ್ಕದ ಮನೆಯಾಕೆಯ ಮೇಲೆ. ಹೇಳಿಕೊಳ್ಳಲು ನಾಚಿಕೆ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಅಕ್ಕನಿಗೆ ಕಣ್ಣು ಹೋಗಿ ನಾಲ್ಕು ವರ್ಷ. ಅಜ್ಜಂಪುರದ ಹತ್ತಿರದ ಹಳ್ಳಿ, ಒಂದು ಹಸು. ದಿನಾ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಬೇಕು. ಪಕ್ಕದ ಮನೆಯಾಕೆ ತನ್ನ ಕ್ಯಾನಿಗೆ ಉಂಗುರದಿಂದ ಬಡಿಯುತ್ತ ಮುಂದೆ ನಡೆಯುತ್ತಿದ್ದಳು, ಆ ಸದ್ದು ಹಿಡಿದು ಅಕ್ಕ ಹಿಂದೆ. ಆಕೆ ಲಕ್ಕವಳ್ಳಿಯ ಮಗಳ ಮನೆಗೆ ಹೋದರೆ ಅಕ್ಕ ಮನೆಯಲ್ಲೇ.

"ಅವಳಿಲ್ದಿದ್ ದಿನಾನೂ ನಾನು ಹೋಗ್ಬೇಕು ಕಣೋ," ಎಂದಳು ಅಕ್ಕ ಒಂದು ದಿನ.

ನಾನು ಕಡೂರಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಎರಡು ವರ್ಷ ಕೂತು ಮೊಬೈಲಿಗೆ ಒಂದು ಆ್ಯಪ್ ಬರೆದೆ. ಎಡಕ್ಕೆ ತಿರುಗಬೇಕಾದರೆ ಎಡದಿಂದ, ಬಲಕ್ಕಾದರೆ ಬಲದಿಂದ ಪೀಂ ಎನ್ನುವ ಸದ್ದು. ಅತ್ತ ಮುಖ ಮಾಡಿ ನಡೆದರಾಯಿತು. ಬೈಕಿನ ಸದ್ದೂ ಕೇಳಲಿ ಎಂದು ಕಿವಿ ಮುಚ್ಚದ ಇಯರ್‌ಫೋನ್ ತರಿಸಿದೆ. ಡೈರಿಯ ಕಾಲುದಾರಿ ಯಾವ ಮ್ಯಾಪಿನಲ್ಲೂ ಇಲ್ಲ. ನಾನೇ ಹತ್ತು ಸಲ ನಡೆದು ಗುರುತು ಹಾಕಿದೆ. ತರೀಕೆರೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿ ನೋಡಿದೆ. ಜನ ನಕ್ಕರು.

ಅದನ್ನು ಕಿವಿಗೆ ಹಾಕಿಕೊಂಡ ಅಕ್ಕ ನಾಲ್ಕು ಹೆಜ್ಜೆ ಇಟ್ಟು ನಿಂತಳು.

"ಇದೇನೋ ಸೊಳ್ಳೆ ಗುಯ್ಗುಟ್ಟಿದಂಗೆ. ಅವಳ ಕ್ಯಾನೇ ವಾಸಿ."

ಮೈ ಉರಿಯಿತು. ಒಂದು ಉಂಗುರ, ಒಂದು ಸ್ಟೀಲ್ ಕ್ಯಾನು. ಅದರ ಮುಂದೆ ನನ್ನ ಎರಡು ವರ್ಷ ದಂಡ.

ಹಾಗಾದರೆ ಅವಳ ಸದ್ದನ್ನೇ ಕದಿಯೋಣ ಎನಿಸಿತು. ಆಕೆ ಡೈರಿಯಿಂದ ಹಿಂದಿರುಗುವಾಗ ಮಾತಿನ ನೆಪದಲ್ಲಿ ಜೊತೆಗೆ ನಡೆದು, ಜೇಬಿನ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡೆ. ಮುಂದಿನ ಭಾನುವಾರ ಪೀಂ ಬದಲು ಅದನ್ನು ಆ್ಯಪಿಗೆ ಹಾಕಿ ತಂದೆ. ಬಾಗಿಲಲ್ಲಿ ನಿಂತು ಕಿವಿಗೊಟ್ಟ ಅಕ್ಕ, ಕ್ಯಾನು ಕೆಳಗಿಟ್ಟು ಜಗಲಿಯ ಮೇಲೆ ಕೂತುಬಿಟ್ಟಳು.

"ಅವಳಾಗ್ಲೇ ಹಾಲು ಹಾಕಿ ವಾಪಸ್ ಬತ್ತಾವ್ಳೆ. ಹೊತ್ತಾಗೋಯ್ತು, ಡೈರಿ ಮುಚ್ಚಿರ್ತಾರೆ."

ಆಗ ಹೊಳೆಯಿತು. ನಾನು ಹಿಡಿದು ತಂದದ್ದು ಖಾಲಿ ಕ್ಯಾನಿನ ಸದ್ದು. ಹೋಗುವಾಗ ಹಾಲು ತುಂಬಿರುತ್ತದೆ, ದಬ್ ದಬ್ ಎನ್ನುತ್ತದೆ. ಖಣಖಣ ಎಂದರೆ ಮನೆಗೆ ಬರುವ ಸದ್ದು. ಡೈರಿಗೆ ಹಾಲು ಹಾಕುವ ಯಾವ ಹೆಂಗಸಿಗಾದರೂ ಗೊತ್ತಿರುವ ವಿಷಯ.

ಕೊನೆಗೆ ಆಕೆಯ ಬಾಗಿಲಿಗೇ ಹೋಗಿ ಕೇಳಬೇಕಾಯಿತು. ಕದ್ದದ್ದನ್ನೂ ಹೇಳಿದೆ.

"ಕೇಳಿದ್ರೆ ನಾನು ಇಲ್ಲ ಅಂತಿದ್ನೇನಪ್ಪಾ," ಎಂದು, ತುಂಬಿದ ಕ್ಯಾನು ತಂದು ನಾನು ಸಾಕೆನ್ನುವವರೆಗೂ ಬಡಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಕೆ ಊರಲ್ಲಿಲ್ಲದ ಒಂದು ಬೆಳಿಗ್ಗೆ ಅಕ್ಕ ಆ ದಬ್ ದಬ್ ಸದ್ದನ್ನು ಕಿವಿಗೆ ಹಾಕಿಕೊಂಡು ಡೈರಿಗೆ ಹೊರಟಳು. ನಾನು ಹತ್ತು ಮಾರು ಹಿಂದೆ. ಚರಂಡಿಯ ಚಪ್ಪಡಿ ದಾಟಿದಳು, ಶಾಲೆಯ ಕಾಂಪೌಂಡಿನ ಹತ್ತಿರ ಬಲಕ್ಕೆ ತಿರುಗಿದಳು, ಎಲ್ಲೂ ತಪ್ಪಲಿಲ್ಲ. ಡೈರಿಯವನು ಹಾಲು ಅಳೆಯುತ್ತ, "ಒಬ್ರೇ ಬಂದ್ರಾ ಅಕ್ಕಾ?" ಎಂದು ಕೇಳಿದ.

"ಒಬ್ಳೇ ಯಾಕ್ ಬರ್ಲಿ," ಎಂದಳು ಅಕ್ಕ. "ಅವಳೇ ಕರ್ಕೊಂಡ್ ಬಂದ್ಲು."

ನಾನು ಅಲ್ಲೇ ಹಿಂದೆ ನಿಂತಿದ್ದೆ. ಕೆಮ್ಮಲೂ ಇಲ್ಲ.