ಟವೆಲಿನ ನಾಯಿ ಮತ್ತು ಅತ್ತೆಯ ಕಿಟಕಿ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಓದುವವರು ಬೇಸರ ಮಾಡಿಕೊಳ್ಳಬಾರದು. ಶಾಲೆ ಬಿಟ್ಟ ಮೇಲೆ ನಾನು ಪೆನ್ನಿಗಿಂತ ಸೂಜಿ ಹಿಡಿದದ್ದೇ ಹೆಚ್ಚು. ಅದಕ್ಕೇ ನನ್ನ ಸಾಲುಗಳು ಅಲ್ಲಲ್ಲಿ ಸುಕ್ಕುಗಟ್ಟಿರಬಹುದು. ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಅತ್ತೆ ಹೇಳಿದ್ದನ್ನು ಮತ್ತೆ ಮತ್ತೆ ಕೇಳಿ, ತಪ್ಪಿಲ್ಲವೆಂದು ಅವಳೇ ತಲೆಯಾಡಿಸಿದ ಮೇಲೆ ಬರೆದಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ಪ್ರವಾಸಿಗರ ದೊಡ್ಡ ಹಡಗೊಂದರಲ್ಲಿ ಕೋಣೆಗಳನ್ನು ಒಪ್ಪ ಮಾಡುವುದು ಅವಳ ಕೆಲಸ. ನಮ್ಮ ಬೀದಿಯಲ್ಲಿ ಅವಳಿಗೆ ‘ಹಡಗಿನಾಕೆ’ ಎಂದೇ ಹೆಸರು. ರಜೆಗೆ ಬಂದಾಗ ಪಕ್ಕದ ಮನೆಯವರು ಸಮುದ್ರ ಹೇಗಿರುತ್ತದೆ ಎಂದು ಕೇಳಲು ಬರುತ್ತಾರೆ. “ಅಲ್ಲಾಡ್ತಾ ಇರುತ್ತೆ,” ಎನ್ನುತ್ತಾಳೆ ಅತ್ತೆ. ಅವರು ಇನ್ನೂ ಏನಾದರೂ ಹೇಳುತ್ತಾಳೆಂದು ಕಾದು ಕೂತಿರುತ್ತಾರೆ. ಅವಳು ಚಹಾ ಬೇಕಾ ಎಂದು ಕೇಳುತ್ತಾಳೆ.

ಅದು ಜಂಬವಲ್ಲ. ಅವಳು ಮಲಗುವ ಕೋಣೆ ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗಿದೆ. ಒಂದರ ಮೇಲೊಂದು ಎರಡು ಮಂಚ, ಎರಡು ಕಪಾಟು, ಒಂದು ಕನ್ನಡಿ. ಕಿಟಕಿ ಇಲ್ಲ. ಮೇಲಿನ ಮಂಚದಲ್ಲಿ ಬಟ್ಟೆ ಒಗೆಯುವ ವಿಭಾಗದ ಹೆಂಗಸು ಮಲಗುತ್ತಾಳೆ, ಅವಳ ಗೊರಕೆ ಬಿಟ್ಟರೆ ಅಲ್ಲಿ ಬೇರೆ ಹವಾಮಾನವಿಲ್ಲ. ಎದ್ದರೆ ಕೆಲಸ ಮಾಡುವ ಮಹಡಿಯ ಉದ್ದ ನಡುದಾರಿ, ಅಲ್ಲಿಯೂ ಬರೀ ಕಾರ್ಪೆಟ್ಟು, ಬಾಗಿಲು. ಪ್ರಯಾಣಿಕರ ಕೋಣೆಯ ಪರದೆ ಸರಿಸುವಷ್ಟು ಹೊತ್ತು ಸಮುದ್ರ ಕಾಣುತ್ತದೆ, ಅಷ್ಟೇ.

“ಹಡಗಲ್ಲಿದ್ದು ಸಮುದ್ರ ನೋಡಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೇ?” ಎಂದು ಅಜ್ಜಿ ಚುಚ್ಚುತ್ತಾಳೆ.

“ನೀನು ಜೀವಮಾನವೆಲ್ಲ ಅಡಿಗೆಮನೇಲಿ ಇದ್ದೀಯಲ್ಲಮ್ಮ, ಎಷ್ಟು ದಿನ ಬಿಸಿ ಊಟ ಮಾಡಿದ್ದೀ?” ಎನ್ನುತ್ತಾಳೆ ಅತ್ತೆ. ಅಲ್ಲಿಗೆ ಅಜ್ಜಿಗೆ ಕೆಮ್ಮು ಬರುತ್ತದೆ.

ಹೋದ ಯಾನದಲ್ಲಿ ಅತ್ತೆಗೆ ಒಂದು ಆಸೆ ಹುಟ್ಟಿತ್ತು. ಅವಳ ಮಹಡಿಯ ಮೇಲ್ವಿಚಾರಕಿ ಕೆಲಸ ಬಿಡುವವಳಿದ್ದಳು. ಆ ಜಾಗಕ್ಕೆ ಬರುವವರಿಗೆ ಒಬ್ಬರೇ ಇರುವ ಕೋಣೆ, ಅದರಲ್ಲಿ ಊಟದ ತಟ್ಟೆಯಷ್ಟು ದೊಡ್ಡದಾದ ದುಂಡು ಕಿಟಕಿ. ಅತ್ತೆಯ ಸರದಿ ಬಂದಿತ್ತು. ಕೋಣೆಗಳ ವಿಭಾಗದ ಮುಖ್ಯಸ್ಥನನ್ನು ಕೆಲಸದವರು ಹಿಂದಿನಿಂದ ‘ಸುಕ್ಕು ಸಾಹೇಬ’ ಎನ್ನುತ್ತಾರೆ, ಯಾಕೆಂದರೆ ಆತ ಎಲ್ಲಿ ಹೋದರೂ ಮೊದಲು ಹಾಸಿಗೆಯ ಸುಕ್ಕು ನೋಡುತ್ತಾನೆ. ಆತ ಅತ್ತೆಯನ್ನು ಕರೆದು ಹೇಳಿದ್ದ: “ಈ ಯಾನದಲ್ಲಿ ನಿನ್ನ ಮೇಲೆ ಒಂದೇ ಒಂದು ದೂರು ಬರಬಾರದು. ಬರದಿದ್ರೆ ಕಿಟಕಿ ನಿಂದೇ.”

ದೂರು ಬಾರದಂತೆ ನೋಡಿಕೊಳ್ಳುವುದು ಸುಲಭದ ಮಾತಲ್ಲ. ಹಡಗಿಗೆ ಬರುವವರು ಮನೆಯ ಎಲ್ಲ ಕೆಲಸ ಬಿಟ್ಟು ಬಂದಿರುತ್ತಾರೆ, ದೂರುವುದೊಂದೇ ಅವರ ಪಾಲಿಗೆ ಉಳಿದಿರುವ ಕೆಲಸ. ಒಬ್ಬರು, ನಿನ್ನೆ ತೋರಿಸಿದ ನೀರನ್ನೇ ಇವತ್ತೂ ತೋರಿಸುತ್ತಿದ್ದಾರೆ ಎಂದು ಮುಖ ಊದಿಸಿಕೊಂಡರಂತೆ. ಇನ್ನೊಬ್ಬರು ಕಿಟಕಿಯ ಪರದೆ ಎಳೆದುಕೊಂಡು ಟೀವಿಯಲ್ಲಿ ಸಮುದ್ರ ನೋಡುತ್ತಿದ್ದರಂತೆ, ಅಲ್ಲಿ ಮೀನು ಕಾಣುತ್ತದೆ ಅಂತ. ಈಜುಕೊಳದ ಸುತ್ತ ಬೆಳಗಾಗುವ ಮೊದಲೇ ಕುರ್ಚಿಗಳ ಮೇಲೆ ಪುಸ್ತಕ ಇಟ್ಟು, ಜಾಗ ತಮ್ಮದೆಂದು ಗುರುತು ಮಾಡಿ, ಎಲ್ಲರೂ ತಿನ್ನಲು ಹೋಗುತ್ತಾರೆ. ಆ ಪುಸ್ತಕಗಳಷ್ಟು ಬಿಸಿಲು ಕಾಯಿಸಿಕೊಂಡವರು ಹಡಗಿನಲ್ಲಿ ಯಾರೂ ಇಲ್ಲ ಎನ್ನುತ್ತಾಳೆ ಅತ್ತೆ.

ಆ ಯಾನದಲ್ಲಿ ಅವಳ ಮಹಡಿಯಲ್ಲಿ ಎರಡು ನಾಯಿಗಳಿದ್ದವು. ಸಾಕುನಾಯಿಗಳನ್ನು ಹಡಗಿಗೆ ಹತ್ತಿಸುವುದಿಲ್ಲ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಹಾಗೆ ಯಾವುದಾದರೂ ಕೊರತೆ ಇರುವವರಿಗೆ ನೆರವಾಗಲು ಪಳಗಿಸಿದ ನಾಯಿಯಾದರೆ ಮಾತ್ರ ಬಿಡುತ್ತಾರೆ.

ಒಂದು, ತನ್ನೂರಿನಲ್ಲಿ ಬೇಕರಿ ನಡೆಸುತ್ತಿದ್ದ ಒಬ್ಬ ಪ್ರಯಾಣಿಕರ ಕರಿ ನಾಯಿ, ಅತ್ತೆ ಅವರನ್ನು ಬೇಕರಿಯಮ್ಮ ಎನ್ನುತ್ತಾಳೆ. ಬೇಕರಿಯಮ್ಮನಿಗೆ ವಯಸ್ಸಾಗಿತ್ತು, ಕಿವಿ ಪೂರ್ತಿ ಹೋಗಿತ್ತು, ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಬಾಗಿಲು ತಟ್ಟಿದರೆ ನಾಯಿ ಹೋಗಿ ಅವರ ಮೊಣಕಾಲಿಗೆ ಪಂಜ ತಾಗಿಸಿ, ಬಾಗಿಲ ತನಕ ಕರೆದುಕೊಂಡು ಬರುತ್ತಿತ್ತು. ಎಲ್ಲಿಯಾದರೂ ಕಿರುಚಾಟ ಕೇಳಿದರೂ ಅಷ್ಟೇ, ಅವರನ್ನು ಸದ್ದಿನ ಕಡೆಗೆ ಕರೆದೊಯ್ದು ಕೂತುಬಿಡುತ್ತಿತ್ತು.

ಇನ್ನೊಂದು, ಬಿಳಿ ಹತ್ತಿಯುಂಡೆಯಂಥ ಪುಟ್ಟ ನಾಯಿ. ಅದರ ಅಂಗಿಯ ಮೇಲೆ ‘ಕೆಲಸದಲ್ಲಿದ್ದೇನೆ, ಮುಟ್ಟಬೇಡಿ’ ಎಂದು ಬರೆದಿತ್ತು. ಅಂಗಿ ಅಂಗಡಿಯಲ್ಲಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಅದರ ಯಜಮಾನ, ಜನಕ್ಕೆ ಧೈರ್ಯ ತುಂಬುವ ಭಾಷಣಕಾರ. ಹಡಗಿನಲ್ಲಿ ಭಾಷಣ ಮಾಡಲೆಂದೇ ಅವರನ್ನು ಕರೆಸಿದ್ದರು. ಎಲ್ಲರೂ ಧೈರ್ಯದ ಗುರುಗಳು ಎನ್ನುತ್ತಿದ್ದರು. ಈ ನಾಯಿ ಹತ್ತಿರವಿಲ್ಲದಿದ್ದರೆ ತನ್ನ ಎದೆ ಹೊಡೆದುಕೊಳ್ಳುತ್ತದೆ ಎಂದು ಅವರು ಬರೆದುಕೊಟ್ಟಿದ್ದರಂತೆ.

ಆ ನಾಯಿಗೆ ಲಿಫ್ಟೆಂದರೆ ಭಯ, ಹಡಗಿನ ಹಾರ್ನೆಂದರೆ ಭಯ, ಅತ್ತೆಯ ತಳ್ಳುಗಾಡಿಯ ಚಕ್ರವೆಂದರೆ ಭಯ. ಮೇಲಿನ ಡೆಕ್ಕಿನ ಮೂಲೆಯಲ್ಲಿ ನಾಯಿಗಳ ಶೌಚಕ್ಕೆಂದು ಮರದ ಹೊಟ್ಟು ತುಂಬಿದ ಪೆಟ್ಟಿಗೆ ಇಟ್ಟಿದ್ದರು. ಕರಿ ನಾಯಿ ಹೋಗಿ ಬರುತ್ತಿತ್ತು. ಬಿಳಿ ನಾಯಿಗೆ ಪೆಟ್ಟಿಗೆಯ ಭಯ, ಹಾಗಾಗಿ ಎಲ್ಲವೂ ನಡುದಾರಿಯ ಕಾರ್ಪೆಟ್ಟಿನ ಮೇಲೇ. “ಅದು ಬಹಳ ಸೂಕ್ಷ್ಮ ಜೀವಿ,” ಎನ್ನುತ್ತಿದ್ದರು ಗುರುಗಳು. ಒರೆಸುವ ಜೀವಿ ಎಂಥದ್ದು ಎಂದು ಅವರು ಕೇಳಲಿಲ್ಲ. ಹಾರ್ನ್ ಕೂಗುವ ಹೊತ್ತಿಗೆ ಅತ್ತೆಯೇ ಹೋಗಿ ನಾಯಿಯನ್ನು ಎತ್ತಿಕೊಂಡು ನಿಲ್ಲಬೇಕಾಗಿತ್ತು. ಗುರುಗಳಿಗೆ ನಾಯಿ ಆಸರೆ, ನಾಯಿಗೆ ಅತ್ತೆ ಆಸರೆ, ಅತ್ತೆಗೆ ತಳ್ಳುಗಾಡಿಯ ಹಿಡಿಕೆ ಆಸರೆ.

ಇಲ್ಲಿ ಟವೆಲಿನ ವಿಷಯ ಹೇಳಬೇಕು. ಆ ಹಡಗುಗಳಲ್ಲಿ ಸಂಜೆ ಹಾಸಿಗೆ ಸರಿಮಾಡಿದ ಮೇಲೆ, ಟವೆಲನ್ನು ಮಡಿಸಿ ಸುತ್ತಿ ಒಂದು ಪ್ರಾಣಿ ಮಾಡಿ ಹಾಸಿಗೆಯ ಮೇಲೆ ಕೂರಿಸುವ ಪದ್ಧತಿಯಿದೆ. ಆನೆ, ಕೋತಿ, ಹಂಸ. ದೊಡ್ಡವರೇ ಅದನ್ನು ನೋಡಿ ಮಕ್ಕಳಂತೆ ಚಪ್ಪಾಳೆ ತಟ್ಟುತ್ತಾರೆ. ಅತ್ತೆಯ ಕೈ ಅದರಲ್ಲಿ ಪಳಗಿದ್ದು. ಕಿಟಕಿಯ ಆಸೆಗೆ ಬಿದ್ದು, ಗುರುಗಳನ್ನು ಖುಷಿಪಡಿಸೋಣ ಎಂದುಕೊಂಡು, ಒಂದು ಸಂಜೆ ಅವಳು ಅವರ ಹಾಸಿಗೆಯ ಮೇಲೆ ನಾಯಿ ಮಾಡಿಟ್ಟಳು. ಅಷ್ಟಕ್ಕೇ ಬಿಡಲಿಲ್ಲ. ಮೇಜಿನ ಮೇಲಿದ್ದ ಗುರುಗಳ ಕಪ್ಪು ಕನ್ನಡಕ ತೆಗೆದು ಅದರ ಮೂಗಿಗೇರಿಸಿದಳು. ಬಿಳಿ ನಾಯಿಯ ಇನ್ನೊಂದು ಅಂಗಿ ಕುರ್ಚಿಯ ಮೇಲಿತ್ತು, ಅದನ್ನೂ ತೊಡಿಸಿದಳು. ದೀಪ ಸಣ್ಣಗೆ ಮಾಡಿ ಹೊರಗೆ ಬಂದಳು.

ಗುರುಗಳು ನಾಯಿಯ ಜೊತೆ ಊಟ ಮುಗಿಸಿ ಬಂದರು. ಬಾಗಿಲು ತೆರೆದುಕೊಂಡಿತು. ತನ್ನ ಅಂಗಿ ತೊಟ್ಟು, ಯಜಮಾನನ ಕನ್ನಡಕ ಹಾಕಿಕೊಂಡು, ತನ್ನದೇ ಹಾಸಿಗೆಯ ಮೇಲೆ ಕೂತಿದ್ದ ಅಪರಿಚಿತನನ್ನು ನೋಡಿ ಬಿಳಿ ನಾಯಿ ಗಂಟಲು ಹರಿಯುವಂತೆ ಕೂಗಿತು. ಅದು ಯಾಕೆ ಕೂಗಿತೆಂದು ನೋಡಿ ಗುರುಗಳೂ ಕೂಗಿದರು. ಇಬ್ಬರೂ ಒಟ್ಟಿಗೇ ಕಾಲಿಗೆ ಬುದ್ಧಿ ಹೇಳಿದರು. ಬಾಗಿಲು ಸಣ್ಣದು, ಕಾಲುಗಳು ಆರು. ಸಿಕ್ಕಿಹಾಕಿಕೊಂಡ ನಾಯಿ, ಸಿಕ್ಕಿದ್ದಕ್ಕೆ ಬಾಯಿ ಹಾಕಿತು. ಸಿಕ್ಕಿದ್ದು ಗುರುಗಳ ಮೀನಖಂಡ.

ಅತ್ತೆ ತಳ್ಳುಗಾಡಿಯ ಹಿಂದೆ ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ಕರಿ ನಾಯಿ ಬೇಕರಿಯಮ್ಮನನ್ನು ಕಿರುಚಾಟದ ಕಡೆಗೆ ಕರೆದುಕೊಂಡು ಬಂದು, ತನ್ನ ಕೆಲಸ ಮುಗಿಯಿತೆಂದು ಕೂತಿತು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಎಲ್ಲರ ಕಣ್ಣೂ ತನ್ನ ಮೇಲಿದೆ ಎಂದು ಗೊತ್ತಾದ ಕೂಡಲೇ ಗುರುಗಳು ಬೆರಳು ತೋರಿಸಿದರು. “ಆ ಕರಿ ನಾಯಿ ಕಚ್ತು.”

ಸುಕ್ಕು ಸಾಹೇಬನಿಗೆ ಬೇರೇನೂ ಬೇಕಾಗಲಿಲ್ಲ. ಮುಂದಿನ ಬಂದರಿನಲ್ಲಿ ಕರಿ ನಾಯಿಯನ್ನೂ ಅದರ ಒಡತಿಯನ್ನೂ ಇಳಿಸುವುದು, ಬೆಳಿಗ್ಗೆ ಒಂದು ವಿಚಾರಣೆಯ ಶಾಸ್ತ್ರ ಮುಗಿಸುವುದು ಎಂದಾಯಿತು.

ವಿಚಾರಣೆಗೆ ಮುಂಚೆ ಗುರುಗಳು ಅತ್ತೆಯನ್ನು ನಡುದಾರಿಯಲ್ಲಿ ನಿಲ್ಲಿಸಿಕೊಂಡರು. “ನೀನು ಸುಳ್ಳೇನೂ ಹೇಳ್ಬೇಕಾಗಿಲ್ಲಮ್ಮ. ನೋಡಲಿಲ್ಲ ಅಂದ್ರೆ ಸಾಕು. ನಿನ್ನ ಸಾಹೇಬರ ಹತ್ತಿರ ನಿನ್ನ ಬಗ್ಗೆ ಒಳ್ಳೇ ಮಾತು ಹೇಳ್ತೀನಿ. ಇಲ್ಲಾಂದ್ರೆ ಆ ಟವೆಲ್ ವಿಷಯ ನಾನು ಎತ್ತಲೇಬೇಕಾಗುತ್ತೆ.”

“ಆಗ ನೀನು ಏನು ಯೋಚನೆ ಮಾಡಿದೆ ಅತ್ತೆ?” ಎಂದು ನಾನು ಕೇಳಿದೆ.

“ಕಿಟಕಿ ಯೋಚನೆ ಮಾಡ್ದೆ. ಇನ್ನೇನು ಮಾಡ್ಲಿ? ಒಳಗೆ ಹೋಗೋ ತನಕ ಕಿಟಕಿನೇ ಕಣ್ಮುಂದೆ ಇತ್ತು ಕಣೇ.”

ಒಳಗೆ ಸಾಹೇಬ ಮೇಜಿನ ಹಿಂದೆ ಕೂತಿದ್ದ. ಗುರುಗಳು ಕಾಲಿಗೆ ಪಟ್ಟಿ ಸುತ್ತಿಕೊಂಡು, ಬಿಳಿ ನಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೇಕರಿಯಮ್ಮ ನಿಂತೇ ಇದ್ದರು.

“ಇಳೀರಿ ಅಂದ್ರೆ ಇಳೀತೀನಿ,” ಎಂದರು ಅವರು. “ಆದ್ರೆ ನನ್ನ ನಾಯಿ ಕಚ್ತು ಅಂತ ಬರೀಬೇಡಿ. ಹಾಗೆ ಬರೆದ್ರೆ ಅದನ್ನ ನನ್ನಿಂದ ಕಿತ್ಕೊಳ್ತಾರೆ. ಆಮೇಲೆ ನನ್ನ ಬಾಗಿಲು ಯಾರು ತಟ್ಟಿದ್ರೂ ನಂಗೆ ಗೊತ್ತಾಗಲ್ಲ.” ಆಮೇಲೆ ಅತ್ತೆಯ ಕಡೆ ತಿರುಗಿ ಅವಳ ತುಟಿಯನ್ನೇ ನೋಡುತ್ತಾ ನಿಂತರು.

“ಅವರು ಬೇರೆ ಕಡೆ ನೋಡಿದ್ರೆ ನಾನು ಬಚಾವಾಗ್ತಿದ್ದೆ,” ಎನ್ನುತ್ತಾಳೆ ಅತ್ತೆ. “ತುಟಿ ನೋಡ್ಕೊಂಡು ನಿಂತ್ರೆ ಏನು ಮಾಡೋದು?”

ಅವಳು ನಿಧಾನವಾಗಿ, ತುಟಿ ಸರಿಯಾಗಿ ಕಾಣುವಂತೆ ಹೇಳಿದಳು. “ಕಚ್ಚಿದ್ದು ಗುರುಗಳದೇ ನಾಯಿ ಸಾರ್. ಅದು ಹೆದರಿದ್ದು ನಾನು ಮಡಿಸಿದ ಟವೆಲಿಗೆ.”

“ನಂದು ಪಳಗಿದ ನಾಯಿ,” ಎಂದರು ಗುರುಗಳು. “ಅದು ಯಾವುದಕ್ಕೂ ಹೆದರಲ್ಲ.”

ಆಗಲೇ ಹಡಗು ಬಂದರಿನ ಹತ್ತಿರ ಬಂದು ಹಾರ್ನ್ ಹಾಕಿತು. ಯಾವುದಕ್ಕೂ ಹೆದರದ ನಾಯಿ ಗುರುಗಳ ತೊಡೆ ಒದ್ದೆ ಮಾಡಿ, ಕೆಳಗೆ ಹಾರಿ, ಕರಿ ನಾಯಿಯ ಹೊಟ್ಟೆಯ ಕೆಳಗೆ ನುಸುಳಿತು. ಕರಿ ನಾಯಿ ಬೇಕರಿಯಮ್ಮನ ಮೊಣಕಾಲಿಗೆ ಪಂಜ ತಾಗಿಸಿ ಹಾರ್ನ್ ಕೇಳಿಸಿತೆಂದು ತಿಳಿಸಿ, ಸುಮ್ಮನೆ ನಿಂತಿತು. ಸಾಹೇಬ ಗುರುಗಳ ಒದ್ದೆ ಪ್ಯಾಂಟಿನ ಸುಕ್ಕು ನೋಡುತ್ತಿದ್ದನಂತೆ.

ಇನ್ನು ತೀರ್ಪಿನ ವಿಷಯ. ಗುರುಗಳು ದೊಡ್ಡವರು, ಅವರ ನಾಯಿ ಕಚ್ಚಿತೆನ್ನುವ ಹಾಗಿಲ್ಲ. ಕರಿ ನಾಯಿ ಕಚ್ಚುವಂಥದ್ದಲ್ಲವೆಂದು ಅಲ್ಲಿದ್ದವರೆಲ್ಲ ಈಗಷ್ಟೇ ಕಣ್ಣಾರೆ ಕಂಡಿದ್ದರು. ಆದ್ದರಿಂದ ಯಾವ ನಾಯಿಯೂ ಯಾರನ್ನೂ ಕಚ್ಚಿಲ್ಲ, ತಪ್ಪೆಲ್ಲ ಟವೆಲಿನದು ಎಂದು ಸಾಹೇಬ ತೀರ್ಮಾನಿಸಿದ. ಇನ್ನು ಮುಂದೆ ಹಡಗಿನಲ್ಲಿ ಯಾರೂ ಟವೆಲಿನಿಂದ ನಾಯಿ ಮಾಡಕೂಡದು ಎಂದು ಆಜ್ಞೆ ಹೊರಟಿತು. ಆನೆಗೆ ಅಡ್ಡಿಯಿಲ್ಲ. ಟವೆಲ್ ಮಡಿಸಿದವಳ ಮೇಲೆ ದೂರು ನಿಂತಿತು. ಕಿಟಕಿ ಹೋಯಿತು.

ಬೇಕರಿಯಮ್ಮ ಇಳಿಯಲಿಲ್ಲ. ಅವತ್ತು ಸಂಜೆ ದೊಡ್ಡ ಸಭಾಂಗಣದಲ್ಲಿ ಗುರುಗಳ ಭಾಷಣವಿತ್ತು, ಭಯವನ್ನು ಎದುರಿಸುವುದು ಹೇಗೆ ಅಂತ. ಅರೆಗತ್ತಲಲ್ಲಿ ಒಂದು ಮೃಗವನ್ನು ಬರಿಗೈಯಲ್ಲಿ ಎದುರಿಸಿದ ಅನುಭವವನ್ನು ಹೇಳಿ, ಪಟ್ಟಿ ಸುತ್ತಿದ ಕಾಲು ತೋರಿಸಿದರಂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತೆ ಬಾಗಿಲಲ್ಲಿ ಒರೆಸುವ ಕೋಲು ಹಿಡಿದುಕೊಂಡು ಕೇಳುತ್ತಿದ್ದಳು.

“ಸ್ನಾನದ ಟವೆಲೂ ಅಲ್ಲ ಕಣೇ,” ಎಂದಳು ನನಗೆ. “ಕೈ ಒರೆಸೋದು.”

ಅಜ್ಜಿ ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಕ್ಕು ಮುಗಿದ ಮೇಲೆ, “ಬಾಯಿ ಮುಚ್ಕೊಂಡಿದ್ರೆ ಕಿಟಕಿ ಸಿಗ್ತಿತ್ತಲ್ಲೇ,” ಎಂದಳು.

“ಸಿಗ್ತಿತ್ತು.”

“ಈಗ ಯಾರಿದ್ದಾರೆ ಅಲ್ಲಿ?”

“ನನ್ನ ನಂತರ ಸೇರಿದ ಒಬ್ಬಳು. ಬೆಳಕು ಬಿದ್ರೆ ನಿದ್ದೆ ಬರಲ್ವಂತೆ ಅವಳಿಗೆ. ಕಿಟಕಿಗೆ ರಟ್ಟು ಅಂಟಿಸಿದ್ದಾಳೆ.”

ಅಜ್ಜಿ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದಳು.

ಮನೆಯಲ್ಲಿ ಅತ್ತೆ ಬೀದಿಯ ಕಡೆಯ ಕಿಟಕಿಯ ಕೆಳಗೇ ಮಲಗುತ್ತಾಳೆ. ಕಾಣುವುದು ಎದುರು ಮನೆಯ ಗೋಡೆ, ಒಂದು ವಿದ್ಯುತ್ ಕಂಬ. ಅದನ್ನೇ ನೋಡುತ್ತಿರುತ್ತಾಳೆ. ಮುಂದಿನ ವಾರ ಅವಳು ಮತ್ತೆ ಅದೇ ಹಡಗಿಗೆ, ಅದೇ ಕೆಳಗಿನ ಕೋಣೆಗೆ ಹೋಗುತ್ತಾಳೆ. ನಿನ್ನೆ ನನ್ನನ್ನು ಹತ್ತಿರ ಕರೆದು ಒಂದು ಪರದೆ ಹೊಲಿದು ಕೊಡಲು ಹೇಳಿದಳು, ನೀಲಿಯದು, ಮಂಚದ ಪಕ್ಕದ ಗೋಡೆಗೆ.

“ಅಲ್ಲಿ ಕಿಟಕಿ ಇಲ್ವಲ್ಲ ಅತ್ತೆ,” ಎಂದೆ.

“ಅದು ನನಗೆ ಗೊತ್ತು. ಪರದೆಗೆ ಗೊತ್ತಾಗೋದು ಬೇಡ.”

ಬಟ್ಟೆ ತಂದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಕತ್ತರಿಸಿ, ಅಂಚು ಮಡಿಸಿ, ಸುಕ್ಕಾಗದಂತೆ ಹೊಲಿಯುತ್ತೇನೆ.