ಮೇಷ್ಟ್ರು ಅಂಕ ಹಾಕಲಾರದ ಜಾಲತಾಣ

ಸುಗಟೂರಿನ ಮುನಿರಾಮಪ್ಪ ಮೇಷ್ಟ್ರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಮೂವತ್ತಾರು ವರ್ಷದ ನೌಕರಿಯಲ್ಲಿ ಇಪ್ಪತ್ತೆರಡು ವರ್ಷ ಒಂದನೇ ತರಗತಿಯನ್ನೇ ಕೇಳಿ ತೆಗೆದುಕೊಂಡವರು. ಬೆಳಿಗ್ಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿಯೇ ಶಾಲೆಗೆ ಹೊರಡುತ್ತಿದ್ದರೂ ಪ್ರಾರ್ಥನೆಗೆ ಒಂದು ದಿನವೂ ತಡವಾದವರಲ್ಲ. ಅಕ್ಷರ ತಪ್ಪಿದ್ದರೆ ಮದುವೆಯ ಕರೆಯೋಲೆಯನ್ನೂ ತಿದ್ದಿ ಕೊಡುವವರು ಎಂದು ಊರಿನಲ್ಲಿ ಹೆಸರು.

ಮಕ್ಕಳ ವಿಷಯದಲ್ಲಿ ಅವರಿಗೊಂದು ಅಂದಾಜಿತ್ತು. ದಸರಾ ರಜೆಯ ಹೊತ್ತಿಗೂ ಅಕ್ಷರ ಹಿಡಿಯದ ಮಗುವನ್ನು ‘ಇದಕ್ಕೆ ಓದು ಹತ್ತಲ್ಲ’ ಎಂದು ಮನಸ್ಸಿನಲ್ಲೇ ಬದಿಗಿಟ್ಟುಬಿಡುತ್ತಿದ್ದರು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂರಿಸಿ ಸ್ಲೇಟಿನ ಮೇಲೆ ಗೆರೆ ಎಳೆಯಲು ಹೇಳುತ್ತಿದ್ದರು, ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ಅವರ ಹಳೆಯ ಶಿಷ್ಯೆ ಶೋಭಾರಾಣಿ ಫೋನ್ ಮಾಡಿದಳು. ಅವಳೀಗ ಕೋಲಾರದಲ್ಲಿ ಶಿಕ್ಷಕರ ತರಬೇತಿ ನೋಡಿಕೊಳ್ಳುತ್ತಾಳೆ. ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು ತಮ್ಮ ತಮ್ಮ ತರಗತಿಗೆಂದು ಜಾಲತಾಣ ಮಾಡಿದ್ದರು. ಅವನ್ನು ನೋಡಿ ಅಂಕ ಹಾಕಬೇಕಿತ್ತು.

“ನನಗೇನಮ್ಮ ಗೊತ್ತು ಕಂಪ್ಯೂಟರು?” ಎಂದರು ಮೇಷ್ಟ್ರು.

“ಕಂಪ್ಯೂಟರ್ ಗೊತ್ತಿರೋರು ಇನ್ನಿಬ್ರು ಇದಾರೆ ಸಾರ್. ಮಕ್ಕಳನ್ನ ನೋಡಿರೋರು ಒಬ್ರು ಬೇಕು.”

ಮೂವತ್ತೊಂದು ಜಾಲತಾಣ, ಒಂದೊಂದಕ್ಕೂ ನೂರು ಅಂಕದ ಒಂದು ಹಾಳೆ. ನೋಟ ಹೇಗಿದೆ, ಭಾಷೆ ಶುದ್ಧವೇ, ಚಿತ್ರಗಳಿವೆಯೇ, ಪೋಷಕರಿಗೆ ಮಾಹಿತಿ ಸಿಗುತ್ತದೆಯೇ ಎಂಬ ಕಾಲಮ್ಮುಗಳು. ಮೇಷ್ಟ್ರು ಮಗಳ ಲ್ಯಾಪ್‌ಟಾಪನ್ನು ಜಗುಲಿಯ ಮೇಲೆ ಇಟ್ಟುಕೊಂಡು ದಿನಕ್ಕೆ ಐದರಂತೆ ನೋಡತೊಡಗಿದರು. ಮಾಲೂರಿನ ಕಡೆಯ ಒಬ್ಬ ಶಿಕ್ಷಕಿ ಬಾಟಲಿ, ಬಲೂನುಗಳಲ್ಲೇ ವಿಜ್ಞಾನದ ಪ್ರಯೋಗ ಮಾಡಿಸಿ ವಿಡಿಯೊ ಹಾಕಿದ್ದರು. ಶ್ರೀನಿವಾಸಪುರದ ಮಕ್ಕಳು ಮಾವಿನ ತೋಪಿನ ಹಕ್ಕಿಗಳ ಪಟ್ಟಿ ಮಾಡಿದ್ದರು. ಮೇಷ್ಟ್ರಿಗೆ ಖುಷಿಯಾಯಿತು. ಧಾರಾಳವಾಗಿಯೇ ಅಂಕ ಹಾಕಿದರು.

ಇಪ್ಪತ್ತನಾಲ್ಕನೆಯದು ಮುಳಬಾಗಿಲು ತಾಲ್ಲೂಕಿನ ಗಡಿಯ ಹಳ್ಳಿಯೊಂದರ ಶಾಲೆಯದು. ಶಿಕ್ಷಕರ ಹೆಸರು ಕದಿರೇಶ. ಬರೀ ಬಿಳಿಯ ಪುಟ, ಮೇಲೆ ‘ಮಕ್ಕಳ ಒದು’ ಎಂಬ ತಲೆಬರಹ. ಓ ಇರಬೇಕಾದಲ್ಲಿ ಒ. ಮೇಷ್ಟ್ರು ಅಲ್ಲೇ ನಾಲ್ಕು ಅಂಕ ಕಳೆದರು. ಕೆಳಗೆ ಹದಿನೇಳು ಮಕ್ಕಳ ಹೆಸರು. ಒಂದು ಹೆಸರನ್ನು ಒತ್ತಿದರೆ ಉದ್ದಕ್ಕೂ ತಾರೀಖುಗಳು, ಪ್ರತಿ ತಾರೀಖಿಗೂ ಅರ್ಧ ನಿಮಿಷದ ಧ್ವನಿ. ಚಿತ್ರವಿಲ್ಲ, ಬಣ್ಣವಿಲ್ಲ. ಒಟ್ಟು ಮೂವತ್ತೆಂಟು ಅಂಕ ಬಂತು. ಹಾಳೆ ಮಡಚುವ ಮುಂಚೆ ಒಂದಾದರೂ ಕೇಳಿಬಿಡೋಣವೆಂದು ರಮ್ಯ ಎಂಬ ಹುಡುಗಿಯ ಮೊದಲ ತಾರೀಖನ್ನು ಒತ್ತಿದರು.

“ಇದೇನಮ್ಮ?” ಎಂದಿತು ಕದಿರೇಶನ ಧ್ವನಿ. ಉತ್ತರವಿಲ್ಲ. ದೂರದಲ್ಲಿ ಬಸ್ಸಿನ ಹಾರನ್ನು. ಕೊನೆಗೆ ಅವನೇ “ರ” ಎಂದ. ಧ್ವನಿ ಮುಗಿಯಿತು.

ಮರುದಿನವೂ ಹಾಗೇ. ಜುಲೈ ಪೂರ್ತಿ ಹಾಗೇ. ಆಗಸ್ಟಿನಲ್ಲಿ ಹುಡುಗಿ “ರ” ಎಂದಳು, ಮರುವಾರ ಮರೆತಳು. ದಸರಾ ಬಂತು, ಹೋಯಿತು. ಇನ್ನೂ ನಾಲ್ಕೇ ಅಕ್ಷರ. ಮೇಷ್ಟ್ರಿಗೆ ಆ ಮೌನದ ಗುರುತಿತ್ತು. ತಾವಾಗಿದ್ದರೆ ಇವಳನ್ನು ಎಲ್ಲಿ ಕೂರಿಸುತ್ತಿದ್ದೆವೆಂಬುದೂ ಗೊತ್ತಿತ್ತು. ಆದರೆ ಕದಿರೇಶ ದಿನವೂ ಅದೇ ದನಿಯಲ್ಲಿ “ಇದೇನಮ್ಮ?” ಎಂದು ಕೇಳುತ್ತಲೇ ಇದ್ದ. ಆ ದನಿಯಲ್ಲಿ ಬೇಸರವನ್ನು ಹುಡುಕಿದರು. ಸಿಗಲಿಲ್ಲ.

ಜನವರಿ ಒಂಬತ್ತನೇ ತಾರೀಖು. “ಮ...” ಎಂದಳು ಹುಡುಗಿ. ಬಹಳ ಹೊತ್ತು ಬಿಟ್ಟು “ರ.” ಮತ್ತೆ “ಮ, ರ. ಮರ.” ಆಮೇಲೆ ಯಾರಿಗೂ ಹೇಳದೆ ತನಗೆ ತಾನೇ ಹೇಳಿಕೊಂಡಂತೆ, ಮೆಲ್ಲಗೆ, “ಚೆಟ್ಟು” ಎಂದಳು.

“ಅದೇ ಕಣಮ್ಮ, ಚೆಟ್ಟೇ,” ಎಂದ ಕದಿರೇಶ.

ಮೇಷ್ಟ್ರು ಅದೇ ತಾರೀಖನ್ನು ಮತ್ತೊಮ್ಮೆ ಒತ್ತಿ ಕೇಳಿದರು. ಗಡಿಯ ಆ ಮನೆಗಳಲ್ಲಿ ಮಾತು ತೆಲುಗು, ಮರಕ್ಕೆ ಚೆಟ್ಟು ಎನ್ನುತ್ತಾರೆ. ಕಪ್ಪು ಗೆರೆಗಳೆರಡು ಸೇರಿ ಆ ಮಗುವಿನೊಳಗೆ ಒಂದು ಮರವಾಗಿ ಎದ್ದು ನಿಂತ ಗಳಿಗೆ ಅದು. ನೂರಾರು ಮಕ್ಕಳಿಗೆ ಓದು ಕಲಿಸಿದ್ದ ಅವರು ಆ ಗಳಿಗೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಮೂವತ್ತು ಮಕ್ಕಳ ಗದ್ದಲದಲ್ಲಿ ಯಾವುದೋ ಮೂಲೆಯಲ್ಲಿ ಅದು ಆಗಿಹೋಗಿರುತ್ತಿತ್ತು.

ಮುಂದಿನದೆಲ್ಲವನ್ನೂ ಅವರು ಬಿಡದೆ ಕೇಳಿದರು. ಒತ್ತಕ್ಷರದ ಮುಂದೆ ತಡವರಿಸುವುದು, ತಪ್ಪಿಗೆ ತಾನೇ ನಗುವುದು, ಬಿದ್ದ ಹಲ್ಲಿನ ಸಂದಿಯಲ್ಲಿ ‘ಸ’ ಜಾರುವುದು. ಬಿಸಿಲು ಜಗುಲಿಯಿಂದ ಇಳಿದು ಅಂಗಳ ದಾಟುವಷ್ಟರಲ್ಲಿ ಎರಡೂವರೆ ವರ್ಷ ಕಳೆದು, ಮೂರನೇ ತರಗತಿಯ ರಮ್ಯ ಕಾಗೆಯ ಕಥೆಯೊಂದನ್ನು ನೀರು ಹರಿದಂತೆ ಓದಿ, “ಸಾರ್, ಇನ್ನೊಂದು ಪುಟ ಓದ್ಲಾ?” ಎಂದು ಕೇಳುತ್ತಿದ್ದಳು. ಹೆಂಡತಿ ಕಾಫಿ ತಂದಾಗ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು.

ಎರಡು ದಿನದ ನಂತರ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆ ಶಾಲೆಗೆ ಹೋದರು. ಕದಿರೇಶ ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಅಂಕ ಹಾಕುವವರು ಶಾಲೆಯ ಬಾಗಿಲಿಗೇ ಬಂದರೆಂದು ಗಾಬರಿಯಾದ.

“ಚಿತ್ರ ಹಾಕಕ್ಕೆ ಬರಲ್ಲ ಸಾರ್ ನನಗೆ,” ಎಂದ.

“ಇದನ್ನ ಯಾಕೆ ಶುರು ಮಾಡಿದ್ರಿ?”

“ರಮ್ಯನ ಅಪ್ಪ ಆಂಜಿ ಟೊಮೇಟೊ ಲಾರಿ ಓಡಿಸ್ತಾರೆ ಸಾರ್. ತಿಂಗಳಿಗೆ ಎರಡು ಸಲ ಊರಿಗೆ ಬಂದ್ರೆ ಹೆಚ್ಚು. ಮಗು ಏನು ಕಲೀತು ಅಂತ ಫೋನ್ ಮಾಡಿ ಕೇಳೋರು. ನಾನು ಹೇಳೋದಕ್ಕಿಂತ ಅವರೇ ಕೇಳಿಸ್ಕೊಳ್ಳಲಿ ಅನ್ನಿಸ್ತು. ಆಮೇಲೆ ಬೇರೆ ಮಕ್ಕಳ ಮನೆಯವರೂ ಕೇಳಿದ್ರು.”

“ಆರು ತಿಂಗಳಾದ್ರೂ ಆ ಮಗು ನಾಲ್ಕು ಅಕ್ಷರ ದಾಟ್ಲಿಲ್ಲವಲ್ಲಯ್ಯ. ನಿನಗೆ ಸಾಕು ಅನ್ನಿಸ್ಲಿಲ್ವಾ?”

“ಆ ಮಗು ದಿನಾ ಬಂದು ಕೂರ್ತಿತ್ತು ಸಾರ್. ಅದಕ್ಕೇ ಸಾಕಾಗ್ಲಿಲ್ಲ, ನನಗೆ ಹೇಗೆ ಸಾಕಾಗುತ್ತೆ?”

ಈ ಧ್ವನಿಗಳನ್ನು ಬೇರೆ ಶಿಕ್ಷಕರಿಗೆ ಕೇಳಿಸಬಹುದೇ ಎಂದು ಮೇಷ್ಟ್ರು ಆಂಜಿಗೆ ಫೋನ್ ಮಾಡಿ ಕೇಳಿದರು. ಅವನು ಒಪ್ಪಿದ. “ಆ ಚೆಟ್ಟು ಅಂದ ದಿನ ನಾಗ್ಪುರ ಹತ್ರ ಇದ್ದೆ ಸಾರ್,” ಎಂದ. “ಲಾರಿ ಸೈಡಿಗೆ ಹಾಕಿ ನಾಕು ಸಲ ಕೇಳ್ದೆ. ಕ್ಲೀನರ್‌ಗೂ ಕೇಳಿಸ್ದೆ.”

ಮೊದಲ ಬಹುಮಾನ ಮಾಲೂರಿನ ಶಿಕ್ಷಕಿಗೆ ಬಂತು, ಅದು ನ್ಯಾಯವೇ ಆಗಿತ್ತು. ಕದಿರೇಶನ ಹಾಳೆಯಲ್ಲಿ ಮೇಷ್ಟ್ರು ಮೂವತ್ತೆಂಟನ್ನು ಹೊಡೆದು ಹಾಕಿ, ‘ಇದಕ್ಕೆ ಅಂಕ ಹಾಕುವ ಯೋಗ್ಯತೆ ನನಗಿಲ್ಲ’ ಎಂದು ಬರೆದು ಸಹಿ ಮಾಡಿದ್ದರು. ಶೋಭಾರಾಣಿ ಅದನ್ನು ಓದಿ, ಬಹುಮಾನದ ದಿನ ಅವರಿಗೆ ಇಪ್ಪತ್ತು ನಿಮಿಷ ಕೊಟ್ಟಳು.

ಕೋಲಾರದ ಆ ಸಭೆಯಲ್ಲಿ ಅರವತ್ತು ಜನ ಶಿಕ್ಷಕರು. ಮೇಷ್ಟ್ರು ಭಾಷಣ ಮಾಡಲಿಲ್ಲ. ಜೂನ್‌ನಿಂದ ಜನವರಿಯವರೆಗಿನ ಹದಿನೆಂಟು ಧ್ವನಿಗಳನ್ನು ಆರಿಸಿ ಒಂದರ ಹಿಂದೊಂದು ಕೇಳಿಸಿದರು. ಮೊದಮೊದಲು ಮೌನಕ್ಕೆ ಯಾರೋ ನಕ್ಕರು. “ಚೆಟ್ಟು” ಬರುವಷ್ಟರಲ್ಲಿ ನಗು ನಿಂತಿತ್ತು.

“ಇಂಥ ಮಕ್ಕಳನ್ನ ನಾನು ಹಿಂದಿನ ಸಾಲಲ್ಲಿ ಕೂರಿಸ್ತಿದ್ದೆ,” ಎಂದರು ಮೇಷ್ಟ್ರು. “ಹನ್ನೊಂದು ಹೆಸರು ನೆನಪಿದೆ. ಉಳಿದವು ನೆನಪಿಲ್ಲ.” ಅಷ್ಟು ಹೇಳಿ ಕುಳಿತರು. ಹಿಂದಿನ ಬೆಂಚಿನಲ್ಲಿ ಕದಿರೇಶ ತಲೆ ತಗ್ಗಿಸಿ ಕೂತಿದ್ದ. ಪಕ್ಕದ ಶಿಕ್ಷಕಿ ಅವನ ಜಾಲತಾಣದ ವಿಳಾಸ ಬರೆದುಕೊಳ್ಳುತ್ತಿದ್ದರು.

ಈಗ ವಾರಕ್ಕೆ ಮೂರು ದಿನ ಮುನಿರಾಮಪ್ಪ ಮೇಷ್ಟ್ರು ಸುಗಟೂರಿನ ಶಾಲೆಗೆ ಹೋಗುತ್ತಾರೆ. ಅಕ್ಷರ ಹಿಡಿಯದ ಇಬ್ಬರು ಮಕ್ಕಳನ್ನು ಕೇಳಿ ಪಡೆದಿದ್ದಾರೆ. ಒಬ್ಬಳು ಐದು ಅಕ್ಷರ ಗುರುತಿಸುತ್ತಾಳೆ. ಇನ್ನೊಬ್ಬನು ಇನ್ನೂ ಏನೂ ಹೇಳಿಲ್ಲ. ಹೋದ ಗುರುವಾರ ಮಾತ್ರ ಮೇಷ್ಟ್ರು ಬರುವ ಮುಂಚೆಯೇ ಪುಸ್ತಕ ತೆಗೆದಿಟ್ಟುಕೊಂಡು ಕೂತಿದ್ದನಂತೆ.